ಕಪ್ಪು ಪದರಿನಲ್ಲಿ ಕಾಣದ ಸಾಲುಗಳು

ಅಮ್ಮಿಯ ಕಣ್ಣಿನ ಪೊರೆ ತೆಗೆಸಲು ಅವರನ್ನು ಮುದ್ದೇಬಿಹಾಳದಿಂದ ನಾನು ಸಂಶೋಧನೆ ಮಾಡುತ್ತಿದ್ದ ಊರಿಗೇ ಕರೆಸಿಕೊಂಡಿದ್ದೆ. ಪಟ್ಟಿ ಬಿಚ್ಚಿದ ವಾರವೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನನ್ನ ಸರದಿ ಬಂತು. ರೂಮಿನಲ್ಲಿ ಒಬ್ಬರನ್ನೇ ಬಿಡಲು ಮನಸ್ಸಾಗದೆ, ಕರಿ ಕನ್ನಡಕ ಹಾಕಿಸಿ ಲ್ಯಾಬಿಗೆ ಕರೆದೊಯ್ದೆ.

ಗಾಳಿ ತೆಗೆದ ಪೆಟ್ಟಿಗೆಯಲ್ಲಿ ಅಸಿಟಿಲೀನ್ ಅನಿಲ ಬಿಟ್ಟು, ಜೊತೆಗೆ ಟಂಗ್‌ಸ್ಟನ್ ಲೋಹದ ಪರಮಾಣುಗಳನ್ನು ಸಿಡಿಸಿ, ಉಕ್ಕಿನ ಮೇಲೆ ಕೂದಲಿಗಿಂತ ತೆಳುವಾದ ಕಪ್ಪು ಪದರು ಕೂರಿಸುವುದು ನನ್ನ ಕೆಲಸ. ಅದಿದ್ದರೆ ಯಂತ್ರದ ಭಾಗಗಳು ಬೇಗ ಸವೆಯುವುದಿಲ್ಲ. ಪದರಿನ ಇಂಗಾಲ, ಜಲಜನಕಗಳಿಗೆ ಯಾವ ಕ್ರಮವೂ ಇಲ್ಲ. ಅವುಗಳ ನಡುವೆ ಲೋಹ ಪುಟ್ಟ ಹರಳುಗಳಾಗಿ ಗುಂಪುಗೂಡಿದೆ ಎಂದು ನಾನು ವಾದಿಸುತ್ತಿದ್ದೆ. ಒಂದೊಂದೇ ಪರಮಾಣುವಾಗಿ ಚದುರಿದೆ ಎಂದು ನನ್ನ ಮಾರ್ಗದರ್ಶಕರು. ಹರಳಿದ್ದರೆ ಚಿತ್ರದಲ್ಲಿ ಉತ್ತ ಹೊಲದಂತೆ ಸಾಲುಗಳು ಕಾಣಬೇಕಿತ್ತು.

ಪರದೆಯ ಮೇಲೆ ಬರೀ ರವೆ ಚೆಲ್ಲಿದಂತಹ ಚುಕ್ಕೆಗಳು. ಜಾಗ ಬದಲಿಸಿದೆ, ಇನ್ನೊಂದು ಮೂಲೆ ನೋಡಿದೆ. ಒಂದು ಸಾಲೂ ಇಲ್ಲ.

ಅಮ್ಮಿ ಕುರ್ಚಿ ಎಳೆದುಕೊಂಡು ಬಂದು ಇಣುಕಿದರು. "ಸಾಲು ಕಾಣತಾವು ಅಂದಿದ್ದಿ. ನನಗೇನೂ ಕಾಣವಲ್ದು. ಕಣ್ಣು ಇನ್ನಾ ಸರಿ ಆಗಿಲ್ಲೇನು?"

"ಕಣ್ಣು ಸರಿ ಅದಾವಮ್ಮೀ. ಅಲ್ಲೇ ಏನೂ ಇಲ್ಲ."

ಹೇಳುತ್ತಲೇ ಕಣ್ಣೊರೆಸಿಕೊಂಡೆ. ಅಮ್ಮಿ ನನ್ನ ಬೆನ್ನ ಮೇಲೆ ಕೈ ಇಟ್ಟರು. "ಹಂಗಾರ ಇಲ್ಲಂತನ ಬರಿ. ಅದಕ್ಯಾಕ ಅಳತಿ?"

ಹಾಗೇ ಬರೆದೆ. ಮಾರ್ಗದರ್ಶಕರು ಗೆದ್ದವರಂತೆ ನಗಲಿಲ್ಲ. "ಇದನ್ನೇ ಕಾಯಿಸಿ ನೋಡಿ," ಎಂದರಷ್ಟೇ.

ಅಮ್ಮಿ ಊರಿಗೆ ಮರಳಿದ ಮೇಲೆ ಅದೇ ಪದರನ್ನು ಕುಲುಮೆಯಲ್ಲಿ ಕಾಯಿಸಿ ಮತ್ತೆ ನೋಡಿದೆ. ಚದುರಿದ್ದ ಟಂಗ್‌ಸ್ಟನ್ ಇಂಗಾಲದೊಡನೆ ಕೂಡಿಕೊಂಡು, ಅಲ್ಲೊಂದು ಇಲ್ಲೊಂದು ಹರಳಾಗಿತ್ತು. ತೆಳ್ಳನೆಯ ಸಾಲುಗಳು. ಕೂಡಲೇ ಫೋನ್ ಮಾಡಿದೆ.

"ಮೊದಲ ಬರೆದಿದ್ದು ಅಳಸ್ತೀಯೇನು ಈಗ?" ಅಮ್ಮಿಗೆ ಅದೇ ಚಿಂತೆ.

"ಇಲ್ಲಮ್ಮೀ. ಎರಡೂ ಖರೇನ ಅದಾವು."

ಈಗ ಮುದ್ದೇಬಿಹಾಳದ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಎರಡೂ ಚಿತ್ರಗಳನ್ನು ಮಕ್ಕಳಿಗೆ ತೋರಿಸುತ್ತೇನೆ. ಅವರು ಸಾಲುಗಳಿರುವುದನ್ನೇ ಮೆಚ್ಚುತ್ತಾರೆ. ನಾನು ಮಾತ್ರ ಇನ್ನೊಂದರ ಮುಂದೆ ತುಸು ಹೆಚ್ಚು ಹೊತ್ತು ನಿಲ್ಲುತ್ತೇನೆ.