ಕೆನ್ನೀರಿಗೆ ಇಳಿದ ಕೃಷ್ಣಪ್ಪಣ್ಣ

ಕೆಲಸಕ್ಕೆ ಸೇರಿದ ಮೂರನೇ ದಿನ ನಾನು ಕೃಷ್ಣಪ್ಪಣ್ಣನ ಮೇಲೆ ದೂರು ಕೊಟ್ಟೆ. ಕಳಸದಿಂದ ಸ್ವಲ್ಪ ಕೆಳಗೆ, ಭದ್ರಾ ಹೊಳೆಯ ದಂಡೆಯ ಒಂದು ಹೋಂಸ್ಟೇಯಲ್ಲಿ ನಾನು ಮ್ಯಾನೇಜರ್. ಮ್ಯಾನೇಜರ್ ಎಂದರೆ ಟವೆಲ್ ಎಣಿಸುವವನು. ಕೃಷ್ಣಪ್ಪಣ್ಣ ಅಲ್ಲಿ ಗೆಸ್ಟುಗಳಿಗೆ ಮೀನು ಹಿಡಿಸುವವರು. ಬೆಳಗ್ಗೆಯಿಂದ ಅವರನ್ನೇ ನೋಡಿ ಬಂದು ಮಾಲೀಕರಾದ ಸಾಹುಕಾರ್ ಬಸವಪ್ರಸಾದ್ ಅವರಿಗೆ ಹೇಳಿದೆ: "ಸರ್, ಆ ಮನುಷ್ಯನ ಕೈಯಲ್ಲಿ ಹಿಡಿತ ಇಲ್ಲ. ನಾಲ್ಕು ಮೀನು ಸಿಕ್ಕಿತು, ನಾಲ್ಕೂ ಜಾರಿ ನೀರಿಗೆ ಬಿತ್ತು."

"ಬೀಳೋದಲ್ಲ ಕಣಯ್ಯ, ಬಿಡೋದು. ಹಿಡಿದು, ಫೋಟೋ ತೆಗೆದು, ವಾಪಸ್ ಬಿಡೋದೇ ಆಟ."

"ಅಡುಗೆಯವರಿಗೆ ಮಸಾಲೆ ಅರೆಯೋಕೆ ಹೇಳ್ಬಿಟ್ಟೆ ಸರ್."

"ನಮ್ಮನೇಲಿ? ಮೀನಿನ ಮಸಾಲೆ?" ಸಾಹುಕಾರರು ಹಣೆಯ ವಿಭೂತಿ ಮುಟ್ಟಿಕೊಂಡರು. ಮೀನು ಮನೆಯೊಳಗೆ ಬರುವಂತಿಲ್ಲ, ಮೀನಿನ ಹೆಸರಿನಲ್ಲಿ ಗೆಸ್ಟು ಬರಬಹುದು. ಅವರ ಮನೆತನಕ್ಕೆ ಈ ಆಟ ಹೇಳಿ ಮಾಡಿಸಿದ ಹಾಗಿತ್ತು.

ಸುದ್ದಿ ಕೃಷ್ಣಪ್ಪಣ್ಣನಿಗೂ ಮುಟ್ಟಿತು. ಮಾರನೇ ದಿನ ಅವರು ತಮ್ಮ ಎರಡೂ ಅಂಗೈಯನ್ನು ನನ್ನ ಮುಂದೆ ಚಾಚಿ, "ನೋಡು ಮಾರಾಯ, ಎಲ್ಲಿ ಜಾರುತ್ತೆ ಅಂತ ಸರಿಯಾಗಿ ನೋಡಿ ಬರ್ಕೋ" ಅಂದರು. ನಗಲಿಲ್ಲ.

ಬಾಳೂರು ಕಡೆಯ ಎಸ್ಟೇಟಿನಲ್ಲಿ ಇಪ್ಪತ್ತೆರಡು ವರ್ಷ ಆಳಾಗಿದ್ದವರು ಅವರು. ಮೆಣಸು ಕೊಯ್ಯುವ ಏಣಿಯಿಂದ ಎರಡು ಸಲ ಬಿದ್ದು, ಮೂರನೇ ಸಲಕ್ಕೆ ಕಾಯದೆ ಇಲ್ಲಿಗೆ ಬಂದರು. ಯಾರೋ ಗೆಸ್ಟು ಬಿಟ್ಟುಹೋದ ಗಾಳದ ರಾಡು ಹಿಡಿದು ಕಲಿತರು. ಹುಂಜದ ಕತ್ತಿನ ಗರಿ, ಮೇಕೆಯ ಕೂದಲು, ಬಣ್ಣದ ದಾರ, ಇಷ್ಟನ್ನು ಕೊಕ್ಕೆಗೆ ಸುತ್ತಿ ಸುಳ್ಳು ಹುಳ ಕಟ್ಟುತ್ತಿದ್ದರು. ಅದನ್ನು ಉದ್ದ ದಾರದಲ್ಲಿ ಬೀಸಿ, ಹುಳವೇ ಹಾರಿಬಂದು ಕೂತಂತೆ ನೀರಿನ ಮೇಲೆ ಇಳಿಸಬೇಕು. ನಾನೂ ಒಂದು ವಾರ ಬೀಸಿದೆ. ನನ್ನ ಕೊಕ್ಕೆಗೆ ಸಿಕ್ಕಿದ್ದು ನನ್ನದೇ ಕಿವಿ.

ಹೊಳೆ ಏರಿದಾಗ ಗೆಸ್ಟುಗಳೆಲ್ಲ ನಡುನೀರಿಗೆ ಬೀಸುತ್ತಾರೆ. ಕೃಷ್ಣಪ್ಪಣ್ಣ ಅವರನ್ನು ದಡದ ಹುಲ್ಲಿನ ಕಡೆಗೆ ತಿರುಗಿಸುತ್ತಿದ್ದರು. "ಜೋರು ಮಳೇಲಿ ನೀವು ರಸ್ತೆ ಮಧ್ಯ ನಿಲ್ತೀರೋ, ಅಂಗಡಿ ಸೂರಿನ ಕೆಳಗೆ ನಿಲ್ತೀರೋ? ಮೀನಿಗೂ ಅಷ್ಟು ಬುದ್ಧಿ ಇದೆ ಸರ್." ಹತ್ತು ಮಾರು ದೂರಕ್ಕೆ ಬೀಸಲು ಕಲಿತು ಬಂದವರು ಕಾಲಬುಡದ ಕಲ್ಲಿನ ಮರೆಯಲ್ಲಿ ಮೀನು ಸಿಕ್ಕಿದಾಗ ಸ್ವಲ್ಪ ಪೆಚ್ಚಾಗುತ್ತಿದ್ದರು.

ಒಂದು ಮಾತಿಗೆ ಮಾತ್ರ ಅವರು ಬಗ್ಗುತ್ತಿರಲಿಲ್ಲ. ಮುಂಗಾರಿನ ಮೊದಲ ನೆರೆಯ ಜೊತೆ ಗುಡ್ಡದ ಮಣ್ಣೆಲ್ಲ ತೊಳೆದು ಬರುತ್ತದಲ್ಲ, ಆ ಕೆನ್ನೀರು ಬಂದರೆ ಮೂರು ದಿನ ಹೊಳೆಗೆ ಇಳಿಯುವಂತಿಲ್ಲ. ಆಗ ಮೀನು ಮೊಟ್ಟೆಯಿಡಲು ಹೊಳೆಯ ಮೇಲಕ್ಕೆ ಹತ್ತುತ್ತವೆ. ಊರಿನವರು ಬಿದಿರಿನ ಕೂಳಿ ಒಡ್ಡಿ ಹಿಡಿಯುವುದೂ ಈ ಹತ್ತುಮೀನನ್ನೇ. "ನಾನೂ ಒಡ್ಡಿದೀನಿ, ತಿಂದಿದೀನಿ. ಈಗ ಮೀನಿಂದ ಅನ್ನ ತಿಂತಾ ಬಸುರಿ ಮೀನಿನ ಬಾಯಿಗೆ ಕೊಕ್ಕೆ ಹಾಕೋಕೆ ಮನಸ್ಸು ಬರಲ್ಲ" ಎನ್ನುತ್ತಿದ್ದರು. "ಅದೂ ಅಲ್ದೆ ಕೆನ್ನೀರಲ್ಲಿ ಕಾಲಡಿ ಕಲ್ಲೇ ನಡೀತಾವೆ."

ಹೀಗೆ ಇಲ್ಲ ಅನ್ನಿಸಿಕೊಂಡ ಇಬ್ಬರು ಗೆಸ್ಟುಗಳು ಇಂಟರ್ನೆಟ್ಟಿನಲ್ಲಿ ಒಂದೊಂದೇ ನಕ್ಷತ್ರ ಕೊಟ್ಟರು. ಸಾಹುಕಾರರು ನನ್ನನ್ನು ಕರೆದು, "ಮೂರನೇ ಸಲ ಇಲ್ಲ ಅಂದ್ರೆ ನಮ್ಮ ತೋಟಕ್ಕೆ ಕಳಿಸು. ಮೆಣಸು ಕೊಯ್ಯೋಕೆ ಆಳು ಸಾಲ್ತಿಲ್ಲ ಅಂತ ಮೇಸ್ತ್ರಿ ದಿನಾ ತಲೆ ತಿಂತಾನೆ" ಅಂದರು. ಅದನ್ನು ಹೇಳುವ ಕೆಲಸ ನನ್ನದು. ಹೇಳಿದೆ. ಐವತ್ತಾರು ವರ್ಷದ ಕೃಷ್ಣಪ್ಪಣ್ಣ ಕಟ್ಟುತ್ತಿದ್ದ ಹುಳದ ದಾರವನ್ನು ಹಲ್ಲಿನಲ್ಲಿ ಕಡಿದು, ಇನ್ನೊಂದು ಕೊಕ್ಕೆ ಎತ್ತಿಕೊಂಡರು.

ಹೋದ ಮೇ ಕೊನೆಯಲ್ಲಿ ಪುಣೆಯ ಅನಿಲ್ ಬಂದರು. ಹಲ್ಲಿನ ಡಾಕ್ಟರು. ಬೆಳಗ್ಗೆ ಏಳಕ್ಕೆ ಎದೆಮಟ್ಟದ ರಬ್ಬರ್ ಪ್ಯಾಂಟು ಹಾಕಿ ದಡದಲ್ಲಿ ನಿಂತಿದ್ದರು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಕೃಷ್ಣಪ್ಪಣ್ಣ ಆಕಾಶ ನೋಡಲೇ ಇಲ್ಲ. ನೀರಿನ ಮೇಲೆ ತರಗೆಲೆ, ನೊರೆ ತೇಲಿ ಬರುವುದನ್ನು ನೋಡುತ್ತಿದ್ದರು.

"ಇವತ್ತು ಬೇಡ. ಕುದುರೆಮುಖದ ಕಡೆ ರಾತ್ರಿ ಮಳೆ ಹೊಡೆದಿದೆ. ಇನ್ನೊಂದು ಗಂಟೇಲಿ ಕೆಂಪಾಗುತ್ತೆ."

ನಾನು ಮೊಬೈಲ್ ತೆಗೆದು ತೋರಿಸಿದೆ. "ನೋಡಿ, ಪೂರ್ತಿ ಬಿಸಿಲು ಅಂತಿದೆ."

"ಎಲ್ಲೀದು ಇದು?"

"ಕಳಸದ್ದೇ."

"ಹೊಳೆ ಕಳಸದಲ್ಲಿ ಹುಟ್ಟೋದಿಲ್ಲ ಮಾರಾಯ."

ಅಲ್ಲಿಗೆ ನಾನು ಬಾಯಿ ಮುಚ್ಚಬಹುದಿತ್ತು. ಅನಿಲ್ ಸಾಹೇಬರು ಗಡಿಯಾರ ನೋಡಿದರು. ನಾನು ಕೃಷ್ಣಪ್ಪಣ್ಣನ ಹತ್ತಿರ ಹೋಗಿ, ತಗ್ಗಿದ ದನಿಯಲ್ಲಿ, ತುಂಬ ಮರ್ಯಾದೆಯಿಂದ ಹೇಳಿದೆ: "ಇದು ಮೂರನೇದು, ಕೃಷ್ಣಪ್ಪಣ್ಣ."

ಅವರು ನನ್ನನ್ನೊಮ್ಮೆ ನೋಡಿದರು. ಟವೆಲ್ಲನ್ನು ಸೊಂಟಕ್ಕೆ ಬಿಗಿದು, "ಬನ್ನಿ ಸರ್" ಎಂದು ನೀರಿಗಿಳಿದರು.

ಮುಕ್ಕಾಲು ಗಂಟೆಯಲ್ಲಿ ಡಾಕ್ಟರ ದಾರಕ್ಕೆ ದೊಡ್ಡ ಮಹಶೀರ್ ಮೀನು ಬಿತ್ತು. ಅದೇ ಹೊತ್ತಿಗೆ ನೀರಿನ ಬಣ್ಣ ತಿರುಗಿತು. ಮೊದಲು ಕರಿಕಾಫಿ, ನೋಡನೋಡುತ್ತ ಹಾಲು ಹಾಕಿದ ಕಾಫಿ. "ದಾರ ಕಡೀರಿ ಸರ್, ದಡಕ್ಕೆ ಬನ್ನಿ" ಎಂದು ಕೃಷ್ಣಪ್ಪಣ್ಣ ಕೂಗಿದರು. ಡಾಕ್ಟರು ಫೋಟೋ ಆಗಲಿ ಎಂದು ಇನ್ನೊಂದು ಹೆಜ್ಜೆ ಮುಂದಿಟ್ಟರು. ಕಾಲಡಿಯ ಕಲ್ಲು ನಡೆಯಿತು. ಕೃಷ್ಣಪ್ಪಣ್ಣ ಹಾರಿ ಅವರ ಬೆಲ್ಟು ಹಿಡಿದರು. ಹೊಳೆ ಇಬ್ಬರನ್ನೂ ಒಯ್ದು ಬಂಡೆಗೆ ಅಪ್ಪಳಿಸಿತು. ಬಂಡೆಗೆ ಸಿಕ್ಕಿದ್ದು ಕೃಷ್ಣಪ್ಪಣ್ಣನ ಬಲಭುಜ. ಆದರೂ ಎಡಗೈಯಲ್ಲಿ ಡಾಕ್ಟರನ್ನು ದಡಕ್ಕೆ ಎಳೆತಂದರು. ನಾನೇನು ಮಾಡುತ್ತಿದ್ದೆ ಎಂದರೆ, ಡಾಕ್ಟರ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದೆ. ಕೈ ನಡುಗದೆ ಬಂದಿದೆ.

ಚಿಕ್ಕಮಗಳೂರಿನಲ್ಲಿ ಆಪರೇಷನ್ ಆಯಿತು. ಆ ಕೈ ಈಗ ಎದೆಯ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ. ರಾಡು ಬೀಸುವುದು ಹಾಗಿರಲಿ, ಅಂಗಿ ಹಾಕಲು ಹೆಂಡತಿ ಶಂಕರಮ್ಮ ಬೇಕು. ಡಾಕ್ಟರು ಐದು ನಕ್ಷತ್ರ ಕೊಟ್ಟು ಬರೆದರು: ಜೀವಮಾನದ ಅನುಭವ, ಮ್ಯಾನೇಜರ್ ದರ್ಶನ್ ಅವರ ಪ್ರೋತ್ಸಾಹ ಮರೆಯಲಾರೆ. ಸಾಹುಕಾರರು ಅದಕ್ಕೆ ಫ್ರೇಮು ಹಾಕಿಸಿದರು. ನನ್ನ ಹುದ್ದೆಯ ಹಿಂದೆ 'ಸೀನಿಯರ್' ಸೇರಿತು. ಹೊಳೆಗೆ ಈಗ ಮೂಡಿಗೆರೆಯ ಮಲ್ಲೇಶ್ ಬರುತ್ತಾನೆ. ಅವನಿಗೆ ಸರ್ಟಿಫಿಕೇಟ್ ಇದೆ, ಇಲ್ಲ ಅನ್ನುವ ಅಭ್ಯಾಸ ಇಲ್ಲ.

ಜನವರಿಯಲ್ಲಿ ಒಂದು ಭಾನುವಾರ ಬಿಸ್ಕತ್ತಿನ ಪೊಟ್ಟಣ ಹಿಡಿದು ತೋಟದಲ್ಲಿರುವ ಕೃಷ್ಣಪ್ಪಣ್ಣನ ಮನೆಗೆ ಹೋದೆ. ಎಂಟು ತಿಂಗಳಲ್ಲಿ ಅದೇ ಮೊದಲ ಸಲ. ಕಣದಲ್ಲಿ ತೊಳೆದು ಒಣಹಾಕಿದ ಪಾರ್ಚ್‌ಮೆಂಟ್ ಕಾಫಿಬೀಜದ ಪಕ್ಕ ಅವರು ಕೂತಿದ್ದರು. ಎಡಗೈಯಲ್ಲಿ ಕೋಲು. ಮೇಕೆ, ಕೋಳಿ ಓಡಿಸುವುದು ಈಗ ಅವರ ಕೆಲಸ. ಅದನ್ನೂ ಸಾಹುಕಾರರು ಕರುಣೆಯಿಂದ ಕೊಟ್ಟದ್ದೆಂದು ಎಸ್ಟೇಟಿನಲ್ಲಿ ಮಾತು. ಶಂಕರಮ್ಮ ನನಗೆ ಕಾಫಿ ತಂದಿಟ್ಟು, ನನ್ನ ಮುಖ ನೋಡದೆ ಒಳಗೆ ಹೋದರು.

ಕಾಫಿ ಮುಗಿಯುವ ತನಕ ನಾನು ಚಳಿಯ ವಿಷಯ ಮಾತಾಡಿದೆ. ಆಮೇಲೆ ಇನ್ನು ತಡೆಯಲಾಗಲಿಲ್ಲ. ಗೆಸ್ಟು ಹಟ ಹಿಡಿದಿದ್ದ, ಹೇಗೂ ಹೋಗಲೇಬೇಕಿತ್ತು ಎಂದು ಅವರ ಬಾಯಲ್ಲಿ ಒಮ್ಮೆ ಬಂದುಬಿಟ್ಟರೆ ಸಾಕಿತ್ತು ನನಗೆ.

"ಕೃಷ್ಣಪ್ಪಣ್ಣ, ಅವತ್ತು ನಾನು ಆ ಮಾತು ಹೇಳದೆ ಇದ್ದಿದ್ರೂ ನೀವು ಇಳೀತಿದ್ರಿ, ಅಲ್ವಾ?"

ಅವರು ಕೋಲನ್ನು ತೊಡೆಯ ಮೇಲೆ ಇಟ್ಟುಕೊಂಡರು.

"ಇಲ್ಲ. ಮನೆಗೆ ಹೋಗಿ ತಿಂಡಿ ತಿಂತಿದ್ದೆ."