ಉದ್ದಕ್ಕೆ ಮಡಚಿದ ನೋಟು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದಾಗ ಅಡ್ಡಪ್ರಶ್ನೆ ಹಾಕಿ ಅವರ ಬಾಯಿ ಮುಚ್ಚಿಸುತ್ತಿದ್ದವನು ನಾನು. ಓದಿದ್ದು ಭೌತಶಾಸ್ತ್ರದಲ್ಲಿ ಎಂಎಸ್ಸಿ. ನೆನಪು ಸುಳ್ಳು ಹೇಳುತ್ತದೆ ಎಂದು ಇವತ್ತಿಗೂ ನಂಬಿದ್ದೇನೆ. ತೊಂದರೆಯೆಂದರೆ, ಈ ಸಲ ಆ ನೆನಪು ನನ್ನದೇ.

ನಾಲ್ಕು ವರ್ಷದ ಹಿಂದೆ, ಇಬ್ಬರಿಗೆಂದು ಟಿಕೆಟ್ ಮಾಡಿಸಿದ್ದ ಜಾರ್ಜಿಯಾ ದೇಶದ ಪ್ರವಾಸಕ್ಕೆ ಒಬ್ಬನೇ ಹೋದೆ. ದೊಡ್ಡಬಳ್ಳಾಪುರದಲ್ಲಿ ಎಳನೀರಿಗೂ ಫೋನಿನಲ್ಲೇ ದುಡ್ಡು ಕೊಡುತ್ತಿದ್ದ ನನಗೆ, ಪರದೇಶಕ್ಕೆ ನಗದು ಒಯ್ಯುವುದು ಹಳಬರ ಅಂಜಿಕೆ ಅನ್ನಿಸಿತ್ತು. ರಾಜಧಾನಿಯಲ್ಲಿ ಐದು ದಿನ ಕಾಫಿಯಿಂದ ಮೆಟ್ರೊವರೆಗೆ ಕಾರ್ಡೇ ನಡೆಯಿತು. ಆ ಧೈರ್ಯದ ಮೇಲೆ, ಕಾರ್ಡಿನಲ್ಲೇ ದುಡ್ಡು ಕೊಟ್ಟು ಟ್ಯಾಕ್ಸಿ ಹಿಡಿದು ದೂರದ ಬೆಟ್ಟದ ಹಳ್ಳಿಯೊಂದಕ್ಕೆ ಹೋದೆ.

ಪ್ರವಾಸಿಗರ ಕಾಲ ಮುಗಿದು ಹೋಟೆಲುಗಳು ಬಾಗಿಲು ಹಾಕಿದ್ದವು. ವಾಪಸು ಬರಲು ಟ್ಯಾಕ್ಸಿ ಸಿಗಲಿಲ್ಲ. ಇದ್ದದ್ದು ಸಂಜೆ ನಾಲ್ಕು ಗಂಟೆಯ ಕೊನೆಯ ವ್ಯಾನ್. ಮರುದಿನ ಬೆಳಿಗ್ಗೆ ನನ್ನ ವಿಮಾನ. ಚಾಲಕ ನನ್ನ ಕಾರ್ಡು ನೋಡಿ ಆಗದೆಂದು ತಲೆಯಾಡಿಸಿದ, ಬೆರಳುಜ್ಜಿ ನಗದು ಎಂದು ಸನ್ನೆ ಮಾಡಿದ. ಆ ಊರಿನ ಒಂದೇ ಒಂದು ಎಟಿಎಂ ಕೆಟ್ಟು ಕೂತಿತ್ತು. ವ್ಯಾನಿನೊಳಗಿದ್ದವರು ನನ್ನನ್ನು ನೋಡಿ, ಆಮೇಲೆ ಬೇರೆಡೆ ನೋಡಿದರು. ಹಿಮ ಉದುರತೊಡಗಿತು. ನಾನು ಇಲ್ಲೇ ಉಳಿದುಹೋದರೆ ಎಲ್ಲಿದ್ದೀಯ ಎಂದು ವಿಚಾರಿಸುವವರು ಯಾರೂ ಇಲ್ಲ ಎಂಬುದು ಆಗ ಹೊಳೆಯಿತು.

ಬೆನ್ನ ಹಿಂದೆ ಸ್ಪಷ್ಟವಾಗಿ ಕೇಳಿಸಿತು: "ಏನಪ್ಪಾ ಎಂಎಸ್ಸಿ, ಕಾಸು ಇಟ್ಕೊಂಡಿದೀಯಾ, ಬರೀ ಬುದ್ಧಿ ಇಟ್ಕೊಂಡು ಬಂದ್ಬಿಟ್ಯಾ?"

ಅದು ನನ್ನ ಚಿಕ್ಕಪ್ಪನ ಮಾತು. ತಮ್ಮ ಊರು ಸಾಸಲಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ನಾನು ಬಸ್ಸು ಹತ್ತಿದಾಗಲೆಲ್ಲ ಹೀಗೇ ಕಿಚಾಯಿಸುತ್ತಿದ್ದರು. ಅಷ್ಟು ಹೊತ್ತಿಗೆ ಅವರು ತೀರಿಕೊಂಡು ಎರಡು ವರ್ಷವಾಗಿತ್ತು.

ತಿರುಗಿದೆ, ಯಾರೂ ಇರಲಿಲ್ಲ. ಯಾಕೋ ಪಾಸ್‌ಪೋರ್ಟಿನ ಕವರಿಗೆ ಬೆರಳು ಹಾಕಿದೆ. ಆ ದೇಶದ ಇಪ್ಪತ್ತರ ನೋಟೊಂದಿತ್ತು. ಕಂಡಕ್ಟರುಗಳು ಬೆರಳ ಸಂದಿಗೆ ಸಿಕ್ಕಿಸಿಕೊಳ್ಳಲು ಮಡಚುತ್ತಾರಲ್ಲ, ಹಾಗೆ ಉದ್ದಕ್ಕೆ ಮಡಚಿದ್ದು. ಚಾಲಕ ಅದನ್ನು ತೆಗೆದುಕೊಂಡು ಎರಡು ನಾಣ್ಯ ಹಿಂದಕ್ಕೆ ಕೊಟ್ಟ.

ಚಳಿ, ಭಯ, ಒಂಟಿತನ: ಧ್ವನಿಗೆ ಕಾರಣ ಹುಡುಕಬಹುದು. ನೋಟಿಗೆ? ಬ್ಯಾಂಕಿನ ಲೆಕ್ಕ ತೆಗೆಸಿ ನೋಡಿದೆ. ಜಾರ್ಜಿಯಾದಲ್ಲಿ ನಾನು ನಗದು ತೆಗೆದೇ ಇಲ್ಲ. ಎಲ್ಲೋ ಪಡೆದು ಮರೆತಿರಬಹುದು ಎಂದುಕೊಂಡೆ. ಆದರೆ ನಾನು ನೋಟು ಮಡಚುವುದು ನಾಲ್ಕಾಗಿ, ಚೌಕಕ್ಕೆ.

ಸಾಸಲಿಗೆ ಹೋದಾಗ ಚಿಕ್ಕಮ್ಮನಿಗೆ ಮಾತ್ರ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಅವರೆಕಾಯಿ ಸುಲಿಯುತ್ತಲೇ ಕೇಳಿದರು: "ಚಿಲ್ರೆ ಇಸ್ಕೊಂಡ್ಯಾ?"

ಇಸ್ಕೊಂಡೆ ಎಂದೆ.

ಆ ನಾಣ್ಯಗಳು ನನ್ನ ಮೇಜಿನ ಮೇಲಿವೆ. ದುಡ್ಡು ಕೊಟ್ಟಿದ್ದೆ ಎಂಬುದನ್ನಷ್ಟೇ ಅವು ಹೇಳುತ್ತವೆ. ಈಗ ಯಾವ ದೇಶಕ್ಕೆ ಹೊರಟರೂ ಅಲ್ಲಿನ ಒಂದು ನೋಟನ್ನು ಉದ್ದಕ್ಕೆ ಮಡಚಿ ಕವರಿನಲ್ಲಿಡುತ್ತೇನೆ. ಎಷ್ಟು ಒತ್ತಿದರೂ ನನ್ನ ಮಡಿಕೆ ಬಿಚ್ಚಿಕೊಳ್ಳುತ್ತದೆ. ಆ ನೋಟಿನದು ಬಿಚ್ಚಿಕೊಂಡಿರಲಿಲ್ಲ. ಅಥವಾ, ನನಗೆ ಹಾಗೆ ನೆನಪು.