ಹಿಂದೆ ಸರಿ ಎಂದ ಕೈ

ದೆವ್ವ, ಪೀಡೆ ಎಂದರೆ ನಾನು ನಗುತ್ತಿದ್ದವನು. ದಹಿಸರ್‌ನ ನಮ್ಮ ಚಾಳಿನಲ್ಲಿ ಅಂಥ ಮಾತಿಗೇನೂ ಬರವಿರಲಿಲ್ಲ. ನಲ್ಲಿಯ ಹತ್ತಿರ ಬಿಳಿ ಸೀರೆಯವಳು ನಿಂತಿದ್ದಳಂತೆ, ಲೋಕಲ್‌ಗೆ ಸಿಕ್ಕು ಸತ್ತವನು ಸ್ಟೇಷನ್ನಿನಲ್ಲಿ ಬೀಡಿ ಕೇಳಿದನಂತೆ. ಯಾರು ಏನು ಹೇಳಿದರೂ ನನ್ನದು ಒಂದೇ ಉತ್ತರ: ಎದುರಿಗೆ ಇದ್ದರೆ ಮಾತ್ರ ಲೆನ್ಸಿನಲ್ಲಿ ಕಾಣುತ್ತದೆ, ಇಲ್ಲದ್ದು ಕಾಣುವುದಿಲ್ಲ. ನಾನು ಓದಿದ್ದು ಐದನೆಯ ಇಯತ್ತೆ. ಆದರೆ ಅಂಧೇರಿಯ ಒಂದು ಕ್ಯಾಮೆರಾ ರಿಪೇರಿ ಅಂಗಡಿಯಲ್ಲಿ ವರ್ಷಗಟ್ಟಲೆ ಲೆನ್ಸ್ ಬಿಚ್ಚಿ ಜೋಡಿಸಿದ್ದೆ. ಇಷ್ಟು ಮಾತನ್ನು ಧೈರ್ಯವಾಗಿ ಹೇಳಬಲ್ಲೆ ಎಂದುಕೊಂಡಿದ್ದೆ. ಎಪ್ಪತ್ತರ ದಶಕದ ಒಂದು ಸಂಜೆ ಆ ಧೈರ್ಯ ಹೋಯಿತು. ಅದಕ್ಕೂ ಮೊದಲು ನಾನು ಮಾಡಿದ್ದನ್ನು ಹೇಳದೆ ಆ ಸಂಜೆಯನ್ನು ಹೇಳಲಾಗುವುದಿಲ್ಲ.

ನನ್ನ ತಮ್ಮ ಶೇಖರ. ನಾವು ಗದಗ ಕಡೆಯವರು. ಅಪ್ಪ ಹೋದ ಮೇಲೆ ಅವ್ವನನ್ನೂ ಅವನನ್ನೂ ನಾನೇ ಮುಂಬಯಿಗೆ ಕರೆತಂದೆ, ನನ್ನ ಪಗಾರದಲ್ಲಿ ಅವನನ್ನು ಮ್ಯಾಟ್ರಿಕ್‌ವರೆಗೆ ಓದಿಸಿದೆ. ನನ್ನ ಅಂಗಡಿಗೆ ಬಂದು ಹೋಗುತ್ತಲೇ ಅವನಿಗೆ ಕ್ಯಾಮೆರಾದ ಹುಚ್ಚು ಹಿಡಿಯಿತು. ಒಂದು ಸ್ಟುಡಿಯೋದಲ್ಲಿ ಸಹಾಯಕನಾಗಿ ಸೇರಿದ. ಫೋಟೋ ತೆಗೆಯುವಾಗ ಅವನದೊಂದು ರೂಢಿ ಇತ್ತು. ಒಂದು ಕಣ್ಣು ಕ್ಯಾಮೆರಾಕ್ಕೆ ಹಚ್ಚಿ, ಎಡಗೈ ಅಂಗೈಯನ್ನು ಎದುರಿಗೆ ಹಿಡಿದು, ಗಾಳಿಯನ್ನು ನೂಕಿದಂತೆ ಎರಡು ಸಲ ನೂಕುತ್ತಿದ್ದ. ಹಿಂದೆ ಸರಿಯಿರಿ ಎಂದು ಅರ್ಥ. ಚಾಳಿನ ಪಡಸಾಲೆಯಲ್ಲಿ ನನ್ನನ್ನೂ ಅವ್ವನನ್ನೂ ನಿಲ್ಲಿಸಿ, ನಾನು ನೀರಿನ ಡ್ರಮ್ಮಿಗೆ ಹಾಯುವವರೆಗೂ ಹಾಗೇ ನೂಕಿದ್ದ.

"ಇನ್ನೂ ಹಿಂದ ಸರಿಯಪಾ ಅಣ್ಣಾ. ನಿನ್ನ ಹೊಟ್ಟಿ ಹಿಡಸವಲ್ದು ಇದರಾಗ."

"ನಮ್ಮ ಹೊಟ್ಟಿಗೆ ಹಿಡಸೂವಂಥಾ ಕ್ಯಾಮೆರಾ ತಗೋಳೋ ಮಗನ," ಎಂದು ಅವ್ವ ನಕ್ಕಿದ್ದಳು.

ಅವನಿಗೆ ಮೊದಲ ಸ್ವಂತ ಕೆಲಸ ಸಿಕ್ಕಿತು. ಯಾವುದೋ ಜಾಹೀರಾತಿಗೆ, ರಾಜಸ್ಥಾನದ ಮರುಭೂಮಿಯಲ್ಲಿ ದಾರಿಯೇ ಇಲ್ಲದ ಕಡೆ ಓಡುವ ಜೀಪಿನ ಫೋಟೋ ತೆಗೆಯಬೇಕು. ಲೆನ್ಸ್ ಕೇಳಲು ಅಂಗಡಿಗೆ ಬಂದ.

"ಒಂದ ಲೆನ್ಸ್ ಬೇಕಣ್ಣ, ಹತ್ತರದ್ದಕ್ಕೂ ಆಗಬೇಕು, ದೂರದ್ದಕ್ಕೂ ಆಗಬೇಕು. ಆ ಉಸುಕಿನ್ಯಾಗ ಲೆನ್ಸ್ ಬಿಚ್ಚಿ ಬದಲಿ ಮಾಡಾಕ ಆಗೂದಿಲ್ಲ, ಕ್ಯಾಮೆರಾದೊಳಗ ಧೂಳ ಹೊಕ್ತದ."

ನಮ್ಮಲ್ಲಿ ಬಾಡಿಗೆಗೆ ಕೊಡುವ ಜೂಮ್ ಲೆನ್ಸ್ ಎರಡು ಇದ್ದವು. ಒಂದು ಗಿಡ್ಡನೆಯದು. ಅದರ ಉಂಗುರ ತಿರುಗಿಸಿದರೆ ಒಳಗಿನ ಗಾಜಷ್ಟೇ ಸರಿಯುತ್ತಿತ್ತು, ಮೈ ಉದ್ದವಾಗುತ್ತಿರಲಿಲ್ಲ. ದೂರದ್ದು ಅದರಲ್ಲಿ ಅಷ್ಟು ಹತ್ತಿರ ಬರುತ್ತಿರಲಿಲ್ಲ, ನಿಜ. ಇನ್ನೊಂದು ಉದ್ದನೆಯದು, ಪಂಪಿನ ಹಾಗೆ ಹಿಂದೆ ಮುಂದೆ ಎಳೆಯುವಂಥದು. ಶೇಖರ ಗಿಡ್ಡನೆಯದನ್ನು ಕೈಗೆತ್ತಿಕೊಂಡ.

"ಮರುಭೂಮಿ ಅಂದ್ರ ದೂರದ್ದು. ಉದ್ದಂದ ಒಯ್ಯಿ," ಎಂದೆ ನಾನು. ಮರುಭೂಮಿಯನ್ನು ನಾನು ಕಂಡವನಲ್ಲ.

"ಜೀಪು ನನ್ನ ಎದುರಿಗೇ ಇರ್ತದಲ್ಲೋ. ಮತ್ತ ಇದು ಎಳದಾಗೆಲ್ಲಾ ಉಸಿರು ತಗೋತದ, ಉಸಿರಿನ ಜೋಡಿ ಉಸುಕೂ ಒಳಗ ಹೋಗ್ತದ. ಯಾವುದರ ಕೊಡು, ಗ್ರೀಸ್ ಮಾತ್ರ ಹಚ್ಚಬ್ಯಾಡ. ಒಣಾ ಇರ್ಲಿ."

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಮುಂಬಯಿಯ ಹವೆ ಬೇರೆ. ಇಲ್ಲಿ ಮಳೆಗಾಲಕ್ಕೆ ಗಾಜಿನ ಮೇಲೆ ಬೂಷ್ಟು ಬೆಳೆಯುತ್ತದೆ, ಉಂಗುರ ತುಕ್ಕು ಹಿಡಿಯುತ್ತದೆ. ಅದಕ್ಕೆ ನಾವು ರಿಪೇರಿಯವರು ಧಾರಾಳವಾಗಿ ಗ್ರೀಸ್ ತುಂಬುತ್ತೇವೆ. ಪಕ್ಕದಲ್ಲಿದ್ದ ಅಂಗಡಿಯ ಮಾಲೀಕ ಸೇಠ್ ಕೂಡ, "ಛೋಟಾ ಭಾಯಿ ಬರೋಬರ್ ಬೋಲ್ತಾ ಹೈ. ಬಂಬೈ ಕಾ ಗ್ರೀಸ್ ಬಂಬೈ ಮೇ ಚಲೇಗಾ," ಎಂದರು. ತಮ್ಮನ ಮಾತೇ ಸರಿ, ಮುಂಬಯಿಯ ಗ್ರೀಸ್ ಮುಂಬಯಿಗಷ್ಟೇ ಎಂದು ಎಲ್ಲರೆದುರು ಹೇಳಿದರು. ಅದು ನನಗೆ ನಾಟಿತು. ನನ್ನ ಅನ್ನ ಉಂಡು ಬೆಳೆದವನು ನನ್ನ ಕೆಲಸ ನನಗೇ ಕಲಿಸುವುದೇ? "ನಾಲ್ಕು ಅಕ್ಷರ ಕಲ್ತರ ಸಾಕು, ಎಲ್ಲಾರೂ ಮೇಸ್ತ್ರಿ ಆಗ್ತಾರ," ಎಂದುಬಿಟ್ಟೆ. ಶೇಖರ, "ಆತು ಬಿಡಪಾ. ನೀ ಹೇಳಿದ್ದ ವೇದ," ಎಂದು ನಕ್ಕು ಹೋದ.

ಅವನು ಹೊರಡುವ ಹಿಂದಿನ ದಿನ ಉದ್ದನೆಯ ಲೆನ್ಸ್ ಬಿಚ್ಚಿದೆ. ಬೇಕೆಂದೇ, ಎಂದಿಗಿಂತ ಹೆಚ್ಚು ಗ್ರೀಸ್ ತುಂಬಿದೆ. ಕೆಡುಕು ಬಯಸಿ ಮಾಡಿದ್ದಲ್ಲ. ವಾಪಸ್ಸು ಬಂದ ಮೇಲೆ, "ಅಣ್ಣಾ, ಬೆಣ್ಣಿ ಸರದಂಗ ಸರೀತು" ಎಂದು ಅವನ ಬಾಯಿಂದ ಕೇಳಬೇಕಿತ್ತು, ಅಷ್ಟೇ. ಸ್ಟೇಷನ್ನಿಗೆ ಹೋಗುವ ಅವಸರದಲ್ಲಿ ಅವನು ಅದನ್ನೇ ಇಸಿದುಕೊಂಡ. ಬಿಚ್ಚಿ ನೋಡಲಿಲ್ಲ.

ಅವನು ತಿರುಗಿ ಬರಲಿಲ್ಲ. ಜೀಪಿನ ಡ್ರೈವರ್ ಕ್ಯಾಮೆರಾ ತಂದುಕೊಟ್ಟು ಅವ್ವನ ಎದುರು ಕುಳಿತು ಅತ್ತ. ಅವನು ಹೇಳಿದ್ದಿಷ್ಟು: ಬಿಸಿಲಿಗೆ ಲೆನ್ಸಿನ ಎಣ್ಣೆ ಹೊರಗೆ ಒಸರಿತು, ಉಸುಕು ಹತ್ತಿ ಲೆನ್ಸ್ ಕಚ್ಚಿಕೊಂಡಿತು. ಅದೂ ಪೂರ್ತಿ ದೂರದ್ದನ್ನು ಹತ್ತಿರ ತರುವ ತುದಿಯಲ್ಲಿ. ಹಾಗಾದಾಗ ಎದುರಿಗಿನ ಜೀಪು ಚೌಕಟ್ಟಿನಲ್ಲಿ ಹಿಡಿಸುವುದಿಲ್ಲ, ತೆಗೆಯುವವನೇ ಹಿಂದೆ ಹಿಂದೆ ಹೋಗಬೇಕು. ಶೇಖರ ಹಾಗೆ ಹೋಗುತ್ತ ಹೋಗುತ್ತ ಒಂದು ಉಸುಕಿನ ದಿಬ್ಬ ದಾಟಿದ. ಅಷ್ಟರಲ್ಲಿ ಧೂಳಿನ ಗಾಳಿ ಎದ್ದಿತು. ಗಾಳಿ ನಿಂತ ಮೇಲೆ ಕ್ಯಾಮೆರಾ ಸಿಕ್ಕಿತು, ಎಷ್ಟು ಹುಡುಕಿದರೂ ಅವನು ಸಿಗಲಿಲ್ಲ.

"ಯಾವ ಮೂಳ ಆರಿಸಿಕೊಟ್ಟಿದ್ನೋ ಆ ಲೆನ್ಸು?" ಎಂದು ಅವ್ವ ನನ್ನ ಕಡೆ ನೋಡಿ ಕೇಳಿದಳು.

"ಅವನ ಆರಿಸ್ಕೊಂಡಾನವ್ವ. ನಾ ಬ್ಯಾಡ ಅಂದೆ, ಕೇಳಲಿಲ್ಲ," ಎಂದೆ.

ಹೀಗೆ, ಇಲ್ಲದ ತಮ್ಮನ ಮೇಲೆ ನನ್ನ ತಪ್ಪು ಹಾಕಿದೆ.

ಲೆನ್ಸ್ ಅಂಗಡಿಗೆ ಬಂತು. ಸೇಠ್ ನನ್ನ ಮೇಜಿನ ಮೇಲಿಟ್ಟು ಹೋದರು. ಬಿಚ್ಚಿದೆ. ನಾನು ತುಂಬಿದ ಗ್ರೀಸ್ ಉಸುಕಿನೊಡನೆ ಕಲಸಿ ಗಟ್ಟಿಯಾಗಿ ಕೂತಿತ್ತು. ಕಣ ಬಿಡದೆ ತೊಳೆದೆ. ಈ ಸಲ ಒಣಗಿಸಿಯೇ ಜೋಡಿಸಿದೆ. ದೂರದ್ದು ಸ್ಪಷ್ಟ ಕಾಣುವುದೋ ಎಂದು ಪರೀಕ್ಷಿಸಲು ನಾನು ಲೆನ್ಸುಗಳನ್ನು ಮನೆಗೆ ಒಯ್ದು, ದಹಿಸರ್‌ನ ಆಚೆಗಿನ ಉಪ್ಪಿನ ಗದ್ದೆಗೆ ಹೋಗುವುದಿತ್ತು. ಅಂದೂ ಅದನ್ನು ಕ್ಯಾಮೆರಾಕ್ಕೆ ಜೋಡಿಸಿಕೊಂಡು ಹೋದೆ. ಹೊತ್ತು ಮುಳುಗುತ್ತಿತ್ತು. ಗದ್ದೆಯ ಆಳುಗಳು ಮನೆಗೆ ಹೋಗಿದ್ದರು. ಕಣ್ಣು ಹರಿದಷ್ಟು ದೂರ ಬೆಳ್ಳಗೆ, ಬರಿದು.

ಕ್ಯಾಮೆರಾ ಕಣ್ಣಿಗೆ ಹಚ್ಚಿ ಲೆನ್ಸನ್ನು ತುದಿಯವರೆಗೆ ಎಳೆದೆ. ಗದ್ದೆಯ ನಡುವೆ ಒಬ್ಬ ನಿಂತಿದ್ದ. ಮುಖ ನನ್ನ ಕಡೆಗಿತ್ತು, ಬಲಗೈಯಲ್ಲಿ ಹಿಡಿದ ಏನೋ ಒಂದು ಅದಕ್ಕೆ ಅಡ್ಡವಿತ್ತು. ಕ್ಯಾಮೆರಾ ಇಳಿಸಿ ಬರಿಗಣ್ಣಿನಿಂದ ನೋಡಿದೆ. ಯಾರೂ ಇಲ್ಲ. ಮತ್ತೆ ಹಚ್ಚಿದೆ. ಅಲ್ಲೇ ಇದ್ದ, ಮೊದಲಿಗಿಂತ ಸ್ವಲ್ಪ ದೂರದಲ್ಲಿ. ಆಗ ಎಡಗೈ ಮೇಲೆತ್ತಿದ. ಅಂಗೈ ನನ್ನ ಕಡೆ ಮಾಡಿ, ಗಾಳಿಯನ್ನು ಎರಡು ಸಲ ನೂಕಿದ.

ನಾನು ಹಿಂದೆ ಸರಿದೆ. ಕ್ಯಾಮೆರಾ ಕಣ್ಣಿನಿಂದ ತೆಗೆಯಲು ಧೈರ್ಯವಾಗಲಿಲ್ಲ, ತೆಗೆದರೆ ಅವನು ಇರುತ್ತಿರಲಿಲ್ಲ. ಅವನು ಮತ್ತೆ ನೂಕಿದ, ನಾನು ಮತ್ತೆ ಸರಿದೆ. ಅವನೂ ಹಿಂದೆ ಹೋಗುತ್ತಿದ್ದ. "ಶೇಖ್ಯಾ, ನಿಂದರೋ! ನಾನ ಹಚ್ಚಿದ್ದು ಗ್ರೀಸು, ನಾನ!" ಎಂದು ಒದರಿದೆ. ಕೈ ಇನ್ನೊಮ್ಮೆ ನೂಕಿತು. ನನ್ನ ಕಾಲು ಕೆಸರಿನಲ್ಲಿ ಮೊಣಕಾಲವರೆಗೆ ಹೂತಾಗ ಕ್ಯಾಮೆರಾ ಕಣ್ಣಿನಿಂದ ಜಾರಿತು. ಎದುರಿಗೆ ಉಪ್ಪು ಮಾತ್ರ. ಲೆನ್ಸನ್ನು ಹಿಂದಕ್ಕೆ ಎಳೆದು ನೋಡಿದೆ. ಅದು ಅದೇ ತುದಿಯಲ್ಲಿ ಕಚ್ಚಿಕೊಂಡಿತ್ತು.

ಮರುದಿನ ಅಂಗಡಿಯಲ್ಲಿ ಬಿಚ್ಚಿದೆ. ಒಳಗೆ ಒಂದು ಕಣ ಉಸುಕಿಲ್ಲ. ಜೋಡಿಸಿದರೂ ನನ್ನ ಕೈಗೆ ಅದು ಅಲುಗಲಿಲ್ಲ. ಸೇಠ್ ಇಸಿದುಕೊಂಡು ಎಳೆದರು. ಬೆಣ್ಣೆಯ ಹಾಗೆ ಸರಿಯಿತು. ನನ್ನ ಮುಖ ನೋಡಿ, "ಘರ್ ಜಾ, ಆರಾಮ್ ಕರ್," ಎಂದು ನನ್ನನ್ನು ಮನೆಗೆ ಕಳಿಸಿದರು.

ಅಳುತ್ತಿದ್ದ ಕಣ್ಣಿಗೆ ಹಾಗೆ ಕಂಡಿತು ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಹಾಗಿದ್ದರೆ ಲೆನ್ಸ್ ಏಕೆ ಕಚ್ಚಿತು? ಅಂದು ಕೆಸರು ಕಾಲಿನಲ್ಲಿ ಮನೆಗೆ ಹೋದಾಗ ಅವ್ವ ತಂಬಿಗೆ ನೀರು ತಂದು, "ಎಲ್ಲಿ ಬಿದ್ದಿದ್ಯೋ?" ಎಂದಳು. ಗದ್ದೆಯಲ್ಲಿ ಒದರಿದ ಮಾತು ಅವಳೆದುರು ಬಾಯಿಗೆ ಬರಲಿಲ್ಲ. ಆಮೇಲೂ ಬರಲಿಲ್ಲ. ಸಣ್ಣಾವ ಹಟಮಾರಿ, ಅಣ್ಣನ ಮಾತು ಕೇಳಲಿಲ್ಲ ಎಂದು ಎಲ್ಲರಿಗೂ ಹೇಳುತ್ತಲೇ ಅವಳು ತೀರಿಕೊಂಡಳು.

ಈಗಲೂ ಯಾರಾದರೂ ನನ್ನ ಫೋಟೋ ತೆಗೆಯಲು ನಿಲ್ಲಿಸಿದರೆ, ಹೇಳದಿದ್ದರೂ ನಾನು ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ.